ಐಸ್ ಪ್ಲಾಂಟಿನಲ್ಲಿ ಒಂದು ಸೀಸನ್

ಬೋಟುಗಳು ನೀರಿಗಿಳಿದು ತಿಂಗಳಾದ ಮೇಲೆ
ಅವರ ಆಟ ಸುರು.
ಮಂಜೇಶ್ವರದ ಕಡಲಿಗೂ ಆ ದೂರದ ಕಪ್ಪಿಗೂ
ಹೆಚ್ಚುಕಮ್ಮಿ ಒಂದೇ ಪಂಚಾಂಗ:
ಮಳೆ ಬಿಟ್ಟಾಗ ತೊಡಗಿ, ಮಳೆ ಬರುವ ಹೊತ್ತಿಗೆ ಮುಗಿತಾಯ.

ಐತಪ್ಪ ಗಟ್ಟಿ ಗೋಡೆಗೆ ಚಾರ್ಟು ಅಂಟಿಸಿದ,
ಉಪ್ಪುನೀರಿನ ಟ್ಯಾಂಕಿನ ಮೇಲ್ಗಡೆ, ಅಮೋನಿಯದ ವಾಸನೆಯ ನಡುವೆ.
ಊರುಗಳ ಹೆಸರು, ಕನ್ನಡದಲ್ಲಿ, ಶಾಲೆಯಲ್ಲಿ ಕಲಿತ ಗುಂಡು ಅಕ್ಷರ:
ಲಿಸ್ಬನ್. ನೇಪಲ್ಸ್. ಗ್ಲಾಸ್ಗೊ. ಡಾರ್ಟ್ಮುಂಡ್.
"ಇದನ್ನು ಓದುವವರು ಯಾರು?" ಎಂದ ಕುಂಞಾಲಿ.
ಅವನ ಮೊಬೈಲಿನಲ್ಲಿ ಎಲ್ಲವೂ ಉಂಟು, ಮಲಯಾಳದಲ್ಲಿ.
"ನಾನು," ಎಂದ ಐತಪ್ಪ.
ಕ್ಯಾನುಗಳಿಗೆ ನೀರು ಬಿಡಲಿಕ್ಕೆ ಹೋದ.

ಹನ್ನೆರಡಕ್ಕೆ ಕ್ರಶರ್ ನಿಲ್ಲಿಸಿ
ಹನ್ನೆರಡೂವರೆಗೆ ಟ್ಯಾಂಕಿನ ಹಲಗೆಯ ಮೇಲೆ
ಐದು ಜನ, ಗೋಣಿ ಹೊದ್ದುಕೊಂಡು, ಒಂದು ಟೀವಿ.
ಆಟಗಾರರ ಹೆಸರು ನಮಗೆ ನಾಲಗೆಯಲ್ಲಿ ನಿಲ್ಲುವುದಿಲ್ಲ.
ಬಿಳಿಯಂಗಿ, ನೀಲಿಯಂಗಿ,
ಆ ಚರ್ಮ ಕೆಂಪಾದ ಉದ್ದ ಮನುಷ್ಯ,
ಪ್ರತಿಸಲ ಬಿದ್ದು ಮೊಣಕಾಲು ಹಿಡಿದುಕೊಳ್ಳುವ ನಾಟಕದವ.
ಅಕ್ಟೋಬರ್ ಕಳೆದರೆ ಅಲ್ಲಿಯವರು ಗಡಿಯಾರ ತಿರುಗಿಸುತ್ತಾರೆ,
ಇಲ್ಲಿ ನಮ್ಮ ನಿದ್ದೆ ಒಂದು ತಾಸು ಕಡಿಮೆ.

ಚಳಿಗಾಲದಲ್ಲಿ ಒಂದು ರಾತ್ರಿ ಅವರ ಮೈದಾನದಲ್ಲಿ ಹಿಮ.
ಗೆರೆ ಕಾಣುವುದಿಲ್ಲ, ಚೆಂಡು ಮಾತ್ರ ಕಿತ್ತಳೆ.
ಲ್ಯಾನ್ಸಿ ಕ್ರಾಸ್ತಾ ನಗುತ್ತಾನೆ:
"ನಮ್ಮ ಕ್ರಶರ್ ಅಲ್ಲಿಗೆ ಹೊತ್ತುಕೊಂಡು ಹೋಗಿದ್ದಾರೆ ಮಾರಾಯ!"

ಐತಪ್ಪ ನೋಡುವುದು ಗೋಲಿಯನ್ನು ಮಾತ್ರ.
ಉಪ್ಪಳದ ಸೆವೆನ್ಸಿನಲ್ಲಿ, ಕೊಯ್ದ ಗದ್ದೆಯ ಕೂಳೆಯ ಮೇಲೆ
ಹನ್ನೊಂದು ವರ್ಷ ನಿಂತವ;
ಬಲಗೈಯ ಕಿರುಬೆರಳು ಇವತ್ತಿಗೂ ಬೇರೆ ದಿಕ್ಕು ತೋರಿಸುತ್ತದೆ.
ಪೆನಾಲ್ಟಿಯೆಂದರೆ ಟೀವಿಗೆ ಬೆನ್ನು ಹಾಕಿ
ನಮ್ಮ ಮುಖ ನೋಡುತ್ತಾನೆ.
ಗೋಲೋ ಅಲ್ಲವೋ, ನಮ್ಮ ಬಾಯಿ ತೆರೆಯುವ ಮೊದಲೇ
ಅವನಿಗೆ ಗೊತ್ತು.

ಮಾರ್ಚಿನಿಂದ ಒಂದು ಆಟ ಅವರ ಊರಲ್ಲಿ, ಒಂದು ಇವರ ಊರಲ್ಲಿ.
ಮೊದಲೆಲ್ಲ ಪರವೂರಲ್ಲಿ ಹೊಡೆದ ಗೋಲಿಗೆ ತೂಕ ಜಾಸ್ತಿ,
ಈಗ ಆ ಕಾನೂನು ತೆಗೆದಿದ್ದಾರೆ ಎಂದು ಕುಂಞಾಲಿ ಬಿಡಿಸಿ ಹೇಳಿದ.
ಐತಪ್ಪ ಬಹಳ ಹೊತ್ತು ಸುಮ್ಮನಿದ್ದ.
ತಲಪಾಡಿ ಗೇಟಿನ ಆಚೆ ಕೇರಳದವ, ಈಚೆ ಕನ್ನಡದವ:
ಅವನಿಗೆ ಯಾವುದು ಪರವೂರು ಎಂದು ನಾನೂ ಕೇಳಲಿಲ್ಲ.

ಸೆಮಿಯ ರಾತ್ರಿ, ಎಪ್ಪತ್ತನೆಯ ನಿಮಿಷಕ್ಕೆ ಲಾರಿಯ ಹಾರ್ನ್.
ನೂರ ಇಪ್ಪತ್ತು ಬ್ಲಾಕ್, ಈಗಲೇ ಬೇಕು.
ನಾವು ಕೊಕ್ಕೆ ಹಾಕಿ ಎಳೆಯುತ್ತಿರುವಾಗ
ಅಲ್ಲಿ ಎರಡು ಗೋಲು ಆಗಿಹೋಗಿತ್ತು.
ಆಗ ವಯರ್‌ಲೆಸ್ಸಿನಲ್ಲಿ ಕರಕರ,
ಹದಿನೆಂಟು ಮೈಲು ಹೊರಗಿನಿಂದ ತಾಂಡೇಲ ಸೆಲ್ವಿನ್,
ಕೊಳಚ್ಚಲಿನವ, ಅರ್ಧ ತಮಿಳು ಅರ್ಧ ಕಡಲು:
"ಪ್ಲಾಂಟ್, ಪ್ಲಾಂಟ್, ಸ್ಕೋರ್ ಎಷ್ಟು?"

ಫೈನಲ್ ಬಗ್ಗೆ ಹೆಚ್ಚು ಹೇಳುವುದಿಲ್ಲ.
ಸುಲಭದ ಚೆಂಡು, ಎದೆಗೆ ಬಂದದ್ದು,
ಗೋಲಿಯ ಕೈಯಿಂದ ಬೂತಾಯಿಯ ಹಾಗೆ ಜಾರಿತು.
ಎಲ್ಲರೂ ನಕ್ಕೆವು, ನಾನೂ ನಕ್ಕೆ.
ಐತಪ್ಪ ಎದ್ದು ಹೋಗಿ ಖಾಲಿ ಕ್ಯಾನು ತೊಳೆಯತೊಡಗಿದ,
ತೊಳೆದದ್ದನ್ನೇ ಮತ್ತೆ.

ಜೂನ್ ಬಂತು. ಟ್ರಾಲಿಂಗ್ ನಿಲ್ಲಲಿಕ್ಕೆ ಇನ್ನು ಮೂರು ದಿನ.
ಚಾರ್ಟು ತೇವ ಕುಡಿದು ಉಬ್ಬಿ
ಊರುಗಳು ಒಂದೊಂದೇ ಗೋಡೆ ಬಿಟ್ಟಿದ್ದವು.
ಯಾವಾಗ ಬಿದ್ದಿತೋ ಯಾರಿಗೂ ಗೊತ್ತಿಲ್ಲ.
ಕೊನೆಯ ಲೋಡು ಹೋದ ಮರುದಿನ ವಯರ್‌ಲೆಸ್:

"ಪ್ಲಾಂಟ್, ಐಸಿನ ಒಳಗೆ ಒಂದು ಕಾಗದ.
ಎಂಥದೋ ಬರೆದುಂಟು, ನಿಮ್ಮ ಅಕ್ಷರ."
"ಹೇಗುಂಟು?" ಕೇಳಿದ ಐತಪ್ಪ.
"ಮೊದಲನೆಯದು ಕೊಕ್ಕೆ ಹಾಗೆ. ಕೊನೆಯದರ ಕಾಲಿಗೆ ಏನೋ ಸಿಕ್ಕಿಕೊಂಡಿದೆ."
"ಹಾಂ, ನೇಪಲ್ಸ್."
"ಮೀನಿಗೆ ಹಾಕಬಹುದಾ?"

"ಹಾಕು ಹಾಕು, ತೊಂದರೆಯಿಲ್ಲ.
ಅವರು ಮಾರ್ಚಿನಲ್ಲೇ ಸೋತದ್ದು."